ಕ್ಲಬ್ಬಿನಲ್ಲಿ ಹುಲಿ, ಟೂರ್ನಿಯಲ್ಲಿ ಮೊದಲ ಸುತ್ತಿಗೇ ಮನೆಗೆ: ಹವ್ಯಾಸಿ ಟೆನಿಸಿಗರಿಗೊಂದು ಕೈಪಿಡಿ

ದಿನವೂ ಬೆಳಿಗ್ಗೆ ಆರಕ್ಕೆ ಕೋರ್ಟಿಗೆ ಬರುವ, ಅಲ್ಲಿನ ನಾಲ್ಕಾರು ಮಂದಿಯನ್ನು ಸಲೀಸಾಗಿ ಸೋಲಿಸುವ ಆಟಗಾರನೊಬ್ಬ ಒಂದು ದಿನ ಧೈರ್ಯ ಮಾಡಿ ಟೂರ್ನಿಗೆ ಹೆಸರು ಕೊಡುತ್ತಾನೆ. ಎದುರಿಗೆ ಬರುವವರು ಮೊಣಕಾಲಿಗೆ ಪಟ್ಟಿ ಹಾಕಿಕೊಂಡ, ಸರ್ವ್‌ನಲ್ಲಿ ವೇಗವೇ ಇಲ್ಲದ, ಬ್ಯಾಕ್‌ಹ್ಯಾಂಡ್‌ಗೆ ಸ್ಲೈಸ್ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಐವತ್ತು ದಾಟಿದ ಹಿರಿಯರು. ಮುಕ್ಕಾಲು ಗಂಟೆಯಲ್ಲಿ 2-6, 1-6. ಹೊರಗೆ ಬಂದವನ ಬಾಯಲ್ಲಿ ಒಂದೇ ಮಾತು: ‘ಇವತ್ತು ನನ್ನ ಆಟವೇ ಬರಲಿಲ್ಲ.’

ಈ ಮಾತು ನಿಮಗೂ ಪರಿಚಿತವಾಗಿದ್ದರೆ, ಬೇಸರ ಬೇಡ. ನಿಮ್ಮ ಹೊಡೆತಗಳಲ್ಲಿ ದೋಷ ಇರಲಿಕ್ಕಿಲ್ಲ. ನೀವು ಇಷ್ಟು ದಿನ ಅಭ್ಯಾಸ ಮಾಡಿದ್ದು ಟೆನಿಸನ್ನು, ಪಂದ್ಯವನ್ನಲ್ಲ. ಕ್ಲಬ್ಬಿನ ಆಟದಲ್ಲಿ ಮೊದಲ ಸರ್ವ್ ಒಳಗೆ ಬೀಳುವವರೆಗೂ ಹೊಡೆಯಲು ಬಿಡುತ್ತಾರೆ. ಗೆರೆಯ ಬಗ್ಗೆ ಅನುಮಾನ ಬಂದರೆ ‘ರಿಪ್ಲೇ’ ಎಂದು ಮುಗಿಸುತ್ತಾರೆ. ಸ್ಕೋರ್ ಮರೆತರೆ ಇಬ್ಬರೂ ಸೇರಿ ಒಂದನ್ನು ಒಪ್ಪಿಕೊಳ್ಳುತ್ತಾರೆ. ಎದುರಾಳಿಯಂತೂ ಅದೇ ಮುಖ, ಅದೇ ಫೋರ್‌ಹ್ಯಾಂಡ್. ಮಾರ್ಕರ್ ಜೊತೆ ಆಡುವವರ ಕಥೆ ಇನ್ನೂ ಚೆಂದ: ಅವನ ಸಂಬಳವೇ ಚೆಂಡನ್ನು ನಿಮ್ಮ ಸೊಂಟದೆತ್ತರಕ್ಕೆ, ನೀವು ನಿಂತ ಕಡೆಗೇ ತಲುಪಿಸುವುದಕ್ಕೆ. ಟೂರ್ನಿಯಲ್ಲಿ ಈ ಎಲ್ಲ ಸೌಕರ್ಯಗಳೂ ಒಂದೇ ಬೆಳಿಗ್ಗೆ ಮಾಯವಾಗುತ್ತವೆ.

ನಮ್ಮಲ್ಲಿ ಆಡಲು ಅವಕಾಶಗಳೇನೂ ಕಡಿಮೆಯಿಲ್ಲ. ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆ ಒಂದು ಕಡೆಗಾದರೆ, ಕ್ಲಬ್‌ಗಳು, ಅಕಾಡೆಮಿಗಳು, ಅಪಾರ್ಟ್‌ಮೆಂಟ್ ಸಂಕೀರ್ಣಗಳ ವಾರಾಂತ್ಯದ ಟೂರ್ನಿಗಳು ಇನ್ನೊಂದು ಕಡೆ. ಧಾರವಾಡ, ಕಲಬುರಗಿಯಲ್ಲೂ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ (ಐಟಿಎಫ್) ಪುರುಷರ ಟೂರ್ನಿಗಳು ನಡೆದಿವೆ. ಅಂದರೆ ಒಳ್ಳೆಯ ಕೋರ್ಟ್ ಬೆಂಗಳೂರಿನವರ ಸ್ವತ್ತು ಮಾತ್ರ ಅಲ್ಲ. ವಯಸ್ಸಾಯಿತು ಎನ್ನುವವರಿಗೆ ಉತ್ತರ ಕೊಡಗಿನ ರೋಹನ್ ಬೋಪಣ್ಣ: 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ಒಂದನೇ ಕ್ರಮಾಂಕಕ್ಕೆ ಏರಿದವರು. ನಾವು ಅಷ್ಟು ದೂರ ಹೋಗಬೇಕಿಲ್ಲ. ಮೊದಲ ಸುತ್ತು ದಾಟಿದರೆ ಸದ್ಯಕ್ಕೆ ಸಾಕು.

ಯಾವ ಟೂರ್ನಿಗೆ ಹೆಸರು ಕೊಡಬೇಕು?

ಸ್ವಲ್ಪ ಲೆಕ್ಕ ಹಾಕೋಣ. 32 ಮಂದಿಯ ನಾಕೌಟ್ ಡ್ರಾ ಎಂದರೆ ಒಟ್ಟು 31 ಪಂದ್ಯ. ಅದರಲ್ಲಿ 16 ಜನ ಒಂದೇ ಪಂದ್ಯ ಆಡಿ ಗಂಟುಮೂಟೆ ಕಟ್ಟುತ್ತಾರೆ. ಸೀಡ್ ಪಡೆದವರನ್ನು ಡ್ರಾದ ಬೇರೆ ಬೇರೆ ಭಾಗಗಳಲ್ಲಿ ಕೂರಿಸಿರುತ್ತಾರೆ. ಹೆಸರುಗಳು ಕಡಿಮೆ ಬಂದರೆ ಬೈ ಸಿಗುವುದೂ ಸಾಮಾನ್ಯವಾಗಿ ಅವರಿಗೇ. ಹೊಸಬರಾದ ನಿಮಗೆ ಮೊದಲ ಅಥವಾ ಎರಡನೇ ಪಂದ್ಯದಲ್ಲೇ ಬಲವಾದ ಕೈ ಎದುರಾಗುವ ಸಾಧ್ಯತೆ ಹೆಚ್ಚು. ರೌಂಡ್ ರಾಬಿನ್ ಅಥವಾ ಲೀಗ್ ಮಾದರಿಯಲ್ಲಿ ಹೀಗಲ್ಲ. ನಾಲ್ವರ ಗುಂಪಿನಲ್ಲಿ ಸೋತರೂ ಗೆದ್ದರೂ ಮೂರು ಪಂದ್ಯ ಖಾತರಿ. ಮೊದಲ ಪಂದ್ಯದಲ್ಲಿ ಕೈ ನಡುಗಿದರೆ ಎರಡನೆಯದರಲ್ಲಿ ಸರಿಹೋಗಲು ಅವಕಾಶ ಇರುತ್ತದೆ. ಹಾಗಾಗಿ ಮೊದಲ ವರ್ಷ ಲೀಗ್ ಇರುವ ಟೂರ್ನಿಗಳನ್ನೇ ಹುಡುಕಿ. ನಾಕೌಟ್ ಆದರೆ, ಮೊದಲ ಸುತ್ತಿನಲ್ಲಿ ಸೋತವರಿಗೆ ‘ಪ್ಲೇಟ್’ ಅಥವಾ ಕನ್ಸೊಲೇಷನ್ ಡ್ರಾ ಇದೆಯೇ ಎಂದು ಕೇಳಿ. ಕೇಳಲು ನಾಚಿಕೆ ಪಡುವಂಥದ್ದೇನಿಲ್ಲ. ಕೊಟ್ಟ ಶುಲ್ಕಕ್ಕೆ ಇನ್ನೊಂದು ಪಂದ್ಯ ಸಿಗುತ್ತದೆ.

ವಿಭಾಗ ಆರಿಸುವಾಗ ಪ್ರಾಮಾಣಿಕತೆ ಬೇಕು. ಆಟಗಾರರ ಮಟ್ಟ ಅಳೆಯುವ ಐಟಿಎಫ್‌ನ ವರ್ಲ್ಡ್ ಟೆನಿಸ್ ನಂಬರ್ 40ರಿಂದ ಶುರುವಾಗಿ 1ರ ಕಡೆಗೆ ಇಳಿಯುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಆಟ ದೊಡ್ಡದು. ಯುಟಿಆರ್ ಎಂಬ ಇನ್ನೊಂದು ಅಳತೆಯಲ್ಲಿ ಇದು ತಿರುಗುಮುರುಗು. ಯಾವ ರೇಟಿಂಗೂ ಇಲ್ಲದ ಟೂರ್ನಿಯಲ್ಲಿ ‘ಬಿಗಿನರ್’, ‘ಇಂಟರ್‌ಮೀಡಿಯೆಟ್’ ಎಂಬ ಹೆಸರುಗಳನ್ನು ನಂಬುವ ಬದಲು ಕಳೆದ ವರ್ಷ ಅಲ್ಲಿ ಆಡಿದ ಯಾರನ್ನಾದರೂ ವಿಚಾರಿಸಿ. ಕೆಲವು ಕಡೆ ‘ಬಿಗಿನರ್’ ಎಂದರೆ ಹತ್ತು ವರ್ಷದಿಂದ ಬಿಗಿನರ್ ಆಗಿಯೇ ಕಪ್ ಗೆಲ್ಲುತ್ತಿರುವವರು ಎಂದರ್ಥ.

ಅಮೆರಿಕದಲ್ಲಿರುವ ನಮ್ಮವರಿಗೆ ಈ ತೊಂದರೆ ಕಡಿಮೆ. ಅಲ್ಲಿನ ಟೆನಿಸ್ ಸಂಸ್ಥೆ ಯುಎಸ್‌ಟಿಎ 1980ರಲ್ಲಿ ಶುರುಮಾಡಿದ ಲೀಗ್ ತಂಡಗಳ ನಡುವಿನ ಸ್ಪರ್ಧೆ. ಎನ್‌ಟಿಆರ್‌ಪಿ ಎಂಬ 1.0ರಿಂದ 7.0ರವರೆಗಿನ ಮಟ್ಟದ ಪ್ರಕಾರ 3.0, 3.5, 4.0 ಎಂದು ವಿಭಾಗ ಮಾಡಿ ಸರಿಸಾಟಿಯಾದವರನ್ನೇ ಎದುರುಬದುರು ನಿಲ್ಲಿಸುತ್ತಾರೆ. ಅಲ್ಲಿ ಹೊಸಬರು ಮಾಡಬೇಕಾದ ಮೊದಲ ಕೆಲಸ ಒಳ್ಳೆಯ ಕ್ಯಾಪ್ಟನ್ ಹುಡುಕುವುದು. ಯಾರನ್ನು ಯಾವ ವಾರ ಆಡಿಸಬೇಕೆಂದು ನಿರ್ಧರಿಸುವುದು ಅವರೇ. ಹದಿನೈದು ಜನರ ತಂಡಕ್ಕೆ ಸೇರಿ ಬೆಂಚಿನಲ್ಲಿ ಕೂರುವುದಕ್ಕಿಂತ ಜನ ಕಡಿಮೆ ಇರುವ ತಂಡ ವಾಸಿ.

ಸೂಚನಾ ಪತ್ರವನ್ನು ಪೂರ್ತಿ ಓದಿ

ಟೂರ್ನಿಯ ಸೂಚನಾ ಪತ್ರವನ್ನು ಬಹುಮಾನದ ಸಾಲು ಬಂದ ಕೂಡಲೇ ಓದುವುದು ನಿಲ್ಲಿಸುವವರೇ ಹೆಚ್ಚು. ಮುಖ್ಯವಾದದ್ದು ಅದರ ಕೆಳಗಿರುತ್ತದೆ.

1. ಸ್ಕೋರಿಂಗ್ ಮಾದರಿ. ಹವ್ಯಾಸಿ ಟೂರ್ನಿಗಳಲ್ಲಿ ಪೂರ್ತಿ ಮೂರು ಸೆಟ್ ಅಪರೂಪ. ಮೊದಲು ಎಂಟು ಗೇಮ್ ಗೆದ್ದವರು ವಿಜಯಿ ಎನ್ನುವ ಒಂದೇ ದೊಡ್ಡ ಸೆಟ್ ಇರಬಹುದು, ನಾಲ್ಕು ಗೇಮ್‌ಗಳ ಚಿಕ್ಕ ಸೆಟ್ ಇರಬಹುದು, ಮೂರನೇ ಸೆಟ್ ಬದಲು 10 ಪಾಯಿಂಟಿನ ಮ್ಯಾಚ್ ಟೈಬ್ರೇಕ್ ಇರಬಹುದು. ಆಟ ಚಿಕ್ಕದಾದಷ್ಟೂ ಆರಂಭದ ಬೆಲೆ ಏರುತ್ತದೆ. ನಾಲ್ಕು ಗೇಮ್‌ಗಳ ಸೆಟ್‌ನಲ್ಲಿ ‘ಮೈ ಬಿಸಿಯಾಗಲಿ’ ಎಂದು ಎರಡು ಗೇಮ್ ಕೊಟ್ಟರೆ ಅರ್ಧ ಸೆಟ್ ಕೊಟ್ಟಂತೆ.

2. ನೋ-ಆ್ಯಡ್ ಇದೆಯೇ? ಇದ್ದರೆ 40-40 ಆದಾಗ ಒಂದೇ ಪಾಯಿಂಟಿನಲ್ಲಿ ಗೇಮ್ ತೀರ್ಮಾನ. ಆ ಸರ್ವ್ ಬಲಬದಿಗೋ ಎಡಬದಿಗೋ ಎಂದು ಆರಿಸುವ ಹಕ್ಕು ರಿಸೀವ್ ಮಾಡುವವರದ್ದು. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲದೆ ಸರ್ವ್ ಮಾಡುವವರು ಹೇಳಿದ ಕಡೆ ಹೋಗಿ ನಿಲ್ಲುತ್ತಾರೆ.

3. ಕೋರ್ಟ್ ಯಾವುದು, ಚೆಂಡು ಯಾವುದು? ಕ್ಲೇ ಕೋರ್ಟಿನಲ್ಲಿ ಪುಟಿದ ಚೆಂಡು ನಿಧಾನವಾಗುತ್ತದೆ, ರ‍್ಯಾಲಿ ಉದ್ದವಾಗುತ್ತದೆ. ಹಾರ್ಡ್ ಕೋರ್ಟಿನಲ್ಲಿ ಬೇಗ ಬರುತ್ತದೆ. ಡಬ್ಬಿ ತೆರೆದ ಚೆಂಡಿನ ಒತ್ತಡ ದಿನೇ ದಿನೇ ಇಳಿಯುತ್ತದೆ. ವಾರಗಟ್ಟಲೆ ಒಂದೇ ಚೆಂಡಿನಲ್ಲಿ ಆಡಿದವರಿಗೆ ಪಂದ್ಯದ ಹೊಸ ಚೆಂಡು ರಾಕೆಟ್ಟಿನಿಂದ ಚಿಮ್ಮಿ ಬೇಲಿಗೆ ಬಡಿಯುವುದು ಇದೇ ಕಾರಣಕ್ಕೆ. ಪಂದ್ಯದ ಹಿಂದಿನ ವಾರ ಒಮ್ಮೆಯಾದರೂ ಅದೇ ಕಂಪನಿಯ ಹೊಸ ಡಬ್ಬಿ ತೆರೆದು ಆಡಿ.

4. ಊರು ಎಷ್ಟು ಎತ್ತರದಲ್ಲಿದೆ? ಇದನ್ನು ಯಾರೂ ಯೋಚಿಸುವುದಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದಷ್ಟೂ ಚೆಂಡಿಗೆ ತಡೆ ಕಡಿಮೆ, ಹಾಗಾಗಿ ಅದು ದೂರ ಹಾರುತ್ತದೆ. 1,219 ಮೀಟರ್ ದಾಟಿದ ಊರುಗಳಿಗೆಂದು ನಿಯಮಗಳಲ್ಲಿ ಬೇರೆ ಬಗೆಯ ಚೆಂಡೇ ಇದೆ; ಬೆಂಗಳೂರು ಆ ಗಡಿಯೊಳಗಿದೆಯಾದರೂ ಮಂಗಳೂರಿನಿಂದ ಬಂದವರಿಗೆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಅಂಥವರು ರಾಕೆಟ್ಟಿನ ಸ್ಟ್ರಿಂಗನ್ನು ಒಂದೆರಡು ಪೌಂಡ್ ಬಿಗಿ ಮಾಡಿಸಿಕೊಳ್ಳಬಹುದು, ಅಥವಾ ಟಾಪ್‌ಸ್ಪಿನ್ ಸ್ವಲ್ಪ ಹೆಚ್ಚಿಸಬಹುದು. ಬೆಂಗಳೂರಿನಿಂದ ಕರಾವಳಿಗೆ ಇಳಿದವರ ಚೆಂಡು ಸರ್ವಿಸ್ ಗೆರೆಯ ಹತ್ತಿರವೇ ಬೀಳತೊಡಗಿದರೆ ಬಲ ಕುಂದಿತೆಂದು ಗಾಬರಿಯಾಗಬೇಡಿ; ಬಲೆಯ ಮೇಲೆ ಇನ್ನಷ್ಟು ಎತ್ತರದಿಂದ ಕಳಿಸಿ.

ಆ ಹಿರಿಯರು ಗೆದ್ದದ್ದು ಹೇಗೆ?

ಸೈಮನ್ ರೇಮೊ ಎಂಬ ಅಮೆರಿಕದ ಎಂಜಿನಿಯರ್ ಸಾಮಾನ್ಯ ಆಟಗಾರರ ಟೆನಿಸ್ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಅವರ ವಾದದ ತಿರುಳು ಇಷ್ಟು: ವೃತ್ತಿಪರರು ಪಾಯಿಂಟನ್ನು ಗೆಲ್ಲುತ್ತಾರೆ, ನಮ್ಮಂಥವರು ಪಾಯಿಂಟನ್ನು ಕಳೆದುಕೊಳ್ಳುತ್ತೇವೆ. ನಮ್ಮ ಮಟ್ಟದಲ್ಲಿ ಬಹುಪಾಲು ಪಾಯಿಂಟುಗಳು ಮುಗಿಯುವುದು ಅದ್ಭುತ ಹೊಡೆತದಿಂದಲ್ಲ. ಯಾರೋ ಬಲೆಗೆ ಹೊಡೆಯುವುದರಿಂದ ಅಥವಾ ಹೊರಗೆ ಕಳಿಸುವುದರಿಂದ. ಇದನ್ನು ಒಪ್ಪಿಕೊಂಡರೆ ಎಲ್ಲಿಗೆ ಹೊಡೆಯಬೇಕೆಂಬುದೂ ಸ್ಪಷ್ಟವಾಗುತ್ತದೆ.

ಬಲೆ ಕಂಬದ ಹತ್ತಿರ 107 ಸೆಂಟಿಮೀಟರ್, ನಡುವೆ ಸುಮಾರು 91. ಕೋರ್ಟಿನ ಉದ್ದ 23.77 ಮೀಟರ್, ಸಿಂಗಲ್ಸ್ ಕೋರ್ಟಿನ ಮೂಲೆಯಿಂದ ಮೂಲೆಗೆ ಅಳೆದರೆ 25 ಮೀಟರ್‌ಗೂ ಹೆಚ್ಚು. ಅಂದರೆ ಕ್ರಾಸ್‌ಕೋರ್ಟ್ ಹೊಡೆದಾಗ ಬಲೆ ಸುಮಾರು 16 ಸೆಂಟಿಮೀಟರ್ ತಗ್ಗು, ಚೆಂಡು ಬೀಳಲು ಜಾಗ ಹೆಚ್ಚುಕಡಿಮೆ ಒಂದೂವರೆ ಮೀಟರ್ ಹೆಚ್ಚು. ಗೆರೆಗುಂಟ ನೇರ ಹೊಡೆಯುವಾಗ ಈ ಎರಡು ರಿಯಾಯಿತಿಯನ್ನೂ ಬಿಟ್ಟುಕೊಟ್ಟ ಹಾಗೆ. ಆ ಮೊಣಕಾಲು ಪಟ್ಟಿಯ ಹಿರಿಯರು ಇಡೀ ಪಂದ್ಯ ಮೂಲೆಯಿಂದ ಮೂಲೆಗೆ ಸ್ಲೈಸ್ ಮಾಡುತ್ತಾ, ನೀವು ತಾಳ್ಮೆಗೆಟ್ಟು ಗೆರೆಗುಂಟ ಬಾರಿಸುವುದನ್ನೇ ಕಾದಿದ್ದರು.

ಮೂರು ವಾರದ ತಯಾರಿ

1. ಎರಡನೇ ಸರ್ವ್. ಬುಟ್ಟಿ ತುಂಬ ಚೆಂಡಿಟ್ಟುಕೊಂಡು ಬರೀ ಎರಡನೇ ಸರ್ವ್ ಅಭ್ಯಾಸ ಮಾಡಿ. ಹತ್ತಕ್ಕೆ ಒಂಬತ್ತು ಒಳಗೆ ಬೀಳುವವರೆಗೆ ವೇಗದ ಮಾತೇ ಬೇಡ. ಎರಡನೆಯದರ ಮೇಲೆ ನಂಬಿಕೆ ಇದ್ದರೆ ಮಾತ್ರ ಮೊದಲನೆಯದನ್ನು ಕೈಬಿಚ್ಚಿ ಹೊಡೆಯಲು ಧೈರ್ಯ ಬರುವುದು.

2. ರಿಟರ್ನ್. ನಮ್ಮಲ್ಲಿ ಅತ್ಯಂತ ಕಡಿಮೆ ಅಭ್ಯಾಸ ಆಗುವ ಹೊಡೆತ ಇದು. ಗೆಳೆಯರೊಬ್ಬರನ್ನು ಸರ್ವಿಸ್ ಗೆರೆಯ ಬಳಿ ನಿಲ್ಲಿಸಿ ಅಲ್ಲಿಂದ ಸರ್ವ್ ಮಾಡಿಸಿಕೊಳ್ಳಿ. ಸಮಯ ಕಡಿಮೆ ಸಿಗುವುದರಿಂದ ಹಿಂದಕ್ಕೆಳೆಯುವ ದೊಡ್ಡ ಸ್ವಿಂಗ್ ತಾನಾಗಿ ಚಿಕ್ಕದಾಗುತ್ತದೆ.

3. ಅಪರಿಚಿತರೊಂದಿಗೆ ಮೂರು ಪಂದ್ಯ. ಬೇರೆ ಕ್ಲಬ್, ಬೇರೆ ಬಡಾವಣೆ, ಎಡಗೈ ಆಟಗಾರ ಸಿಕ್ಕರೆ ಅದೃಷ್ಟ. ಸ್ಕೋರ್ ಇಟ್ಟು, ಎರಡೇ ಸರ್ವ್ ಕೊಟ್ಟು, ಸೋತವರು ಕಾಫಿ ಕೊಡಿಸುವ ಷರತ್ತು ಹಾಕಿ. ಎದೆಬಡಿತ ಸ್ವಲ್ಪ ಏರಿಸಲು ಅಷ್ಟು ಸಾಕು.

4. ಐದು ನಿಮಿಷದಲ್ಲಿ ವಾರ್ಮ್ ಅಪ್. ಪಂದ್ಯಕ್ಕೆ ಮುಂಚೆ ಕೋರ್ಟಿನಲ್ಲಿ ಸಾಮಾನ್ಯವಾಗಿ ಸಿಗುವುದು ಅಷ್ಟೇ. ಅದರಲ್ಲೇ ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್, ವಾಲಿ, ಸ್ಮ್ಯಾಶ್, ಎರಡೂ ಬದಿಯ ಸರ್ವ್ ಮುಗಿಯಬೇಕು. ಮೈ ಬೆವರುವಷ್ಟು ಓಟ, ಹಗ್ಗದಾಟ ಹೊರಗೇ ಆಗಿರಲಿ. ಈ ಐದು ನಿಮಿಷ ಎದುರಾಳಿಯನ್ನು ಓದುವ ಸಮಯವೂ ಹೌದು: ಮೈಗೆ ನೇರ ಬಂದ ಚೆಂಡನ್ನು ಯಾವ ಕಡೆಯಿಂದ ಆಡುತ್ತಾರೆ ನೋಡಿ, ಅದು ಅವರಿಗೆ ಇಷ್ಟವಾದ ಕಡೆ.

ಟಾಸ್ ಗೆದ್ದರೆ? ಸರ್ವ್ ತೆಗೆದುಕೊಳ್ಳುವುದು ಎಲ್ಲರ ರೂಢಿ. ಹೊಸಬರು ರಿಸೀವ್ ಆರಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ನಮ್ಮ ಮಟ್ಟದಲ್ಲಿ ಸರ್ವ್ ಅಂಥ ಆಯುಧವೇನಲ್ಲ, ಮೇಲಾಗಿ ಮೊದಲ ಗೇಮ್‌ನಲ್ಲಿ ಎಲ್ಲರ ಭುಜವೂ ತಣ್ಣಗಿರುತ್ತದೆ. ಆ ಕಷ್ಟ ಎದುರಾಳಿಯದ್ದಾಗಲಿ. ಬಿಸಿಲು ಕಣ್ಣಿಗೆ ಹೊಡೆಯುವ ಕೋರ್ಟಾದರೆ ಬದಿಯನ್ನೂ ಆರಿಸಿಕೊಳ್ಳಬಹುದು. ಆಗ ಸರ್ವ್–ರಿಸೀವ್ ಆಯ್ಕೆ ಎದುರಾಳಿಗೆ ಹೋಗುತ್ತದೆ.

ಅಂಪೈರ್ ಇಲ್ಲದ ಪಂದ್ಯ

ಹವ್ಯಾಸಿ ಟೂರ್ನಿಯ ನಿಜವಾದ ಪರೀಕ್ಷೆ ಇದು. ಮೈದಾನದಲ್ಲಿ ಒಬ್ಬ ರೆಫರಿ ಇರುತ್ತಾರೆ, ನಿಮ್ಮ ಕೋರ್ಟಿನಲ್ಲಿ ಯಾರೂ ಇರುವುದಿಲ್ಲ. ಎಷ್ಟೋ ಪಂದ್ಯಗಳು ಕೈಜಾರುವುದು ಒಂದು ಗೆರೆಯ ಜಗಳದ ನಂತರದ ಎರಡು ಗೇಮ್‌ಗಳಲ್ಲಿ. ನಿಯಮ ಗೊತ್ತಿದ್ದವರಿಗೆ ಸಿಟ್ಟು ಕಡಿಮೆ.

ನಿಮ್ಮ ಬದಿಯ ಗೆರೆಗಳನ್ನು ಹೇಳುವುದು ನೀವು, ಅವರ ಬದಿಯದ್ದನ್ನು ಅವರು. ಗೆರೆಗೆ ತಗುಲಿದ ಚೆಂಡು ಒಳಗೆ. ಅನುಮಾನ ಇದ್ದರೆ ಅದರ ಲಾಭ ಎದುರಾಳಿಗೆ. ‘ಸರಿಯಾಗಿ ಕಾಣಲಿಲ್ಲ, ಇನ್ನೊಮ್ಮೆ ಆಡೋಣ’ ಎನ್ನುವ ಕ್ಲಬ್ಬಿನ ಪದ್ಧತಿ ಇಲ್ಲಿ ನಡೆಯದು. ಕಾಣಲಿಲ್ಲ ಎಂದರೆ ಒಳಗೆ ಎಂದೇ ಅರ್ಥ. ಡಬಲ್ಸ್‌ನಲ್ಲಿ ನೀವು ಔಟ್ ಎಂದು, ನಿಮ್ಮ ಜೊತೆಗಾರ ಒಳಗೆ ಎಂದರೆ ಆಗಲೂ ಒಳಗೆ. ಹೇಳುವುದನ್ನು ತಕ್ಷಣ, ಗಟ್ಟಿಯಾಗಿ, ಕೈ ಎತ್ತಿ ಹೇಳಿ. ಹೊಡೆದ ಚೆಂಡು ಬಲೆಗೆ ಬಿದ್ದ ಮೇಲೆ ‘ಅದು ಆಗಲೇ ಔಟ್ ಆಗಿತ್ತು’ ಎನ್ನುವವರನ್ನು ಯಾರೂ ಎರಡನೇ ಸಲ ಆಟಕ್ಕೆ ಕರೆಯುವುದಿಲ್ಲ. ಬೇಲಿಯಾಚೆ ನಿಂತ ಗೆಳೆಯರನ್ನು ತೀರ್ಪು ಕೇಳುವಂತಿಲ್ಲ, ಅವರಾಗಿ ಹೇಳಿದರೂ ಲೆಕ್ಕಕ್ಕಿಲ್ಲ. ಕ್ಲೇ ಕೋರ್ಟಿನಲ್ಲಿ ಮಾತ್ರ ಚೆಂಡಿನ ಗುರುತು ನೋಡುವ ಸೌಲಭ್ಯವಿದೆ. ಔಟ್ ಎಂದವರು ಗುರುತನ್ನು ತೋರಿಸಬೇಕು, ಅದನ್ನು ಅಳಿಸುವ ಆತುರ ಬೇಡ.

ಸ್ಕೋರ್ ವಿಷಯದಲ್ಲಿ ಒಂದೇ ಅಭ್ಯಾಸ ಸಾಕು: ಸರ್ವ್ ಮಾಡುವವರು ಪ್ರತಿ ಮೊದಲ ಸರ್ವ್‌ಗೆ ಮುಂಚೆ ಎದುರಾಳಿಗೆ ಕೇಳುವಂತೆ ಸ್ಕೋರ್ ಹೇಳಬೇಕು. ಗೊಂದಲ ಆಯಿತೋ, ಇಬ್ಬರೂ ಒಪ್ಪುವ ಪಾಯಿಂಟುಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಅಲ್ಲಿಂದ ಮುಂದುವರಿಯಿರಿ. ಒಮ್ಮತಕ್ಕೆ ಬರಲಾಗದಿದ್ದರೆ ದನಿ ಏರಿಸುವ ಬದಲು ರೆಫರಿಯನ್ನು ಕರೆಯಿರಿ. ನಮ್ಮಲ್ಲಿ ರೆಫರಿಯನ್ನು ಕರೆಯುವುದೆಂದರೆ ಪೊಲೀಸರಿಗೆ ದೂರು ಕೊಟ್ಟಂತೆ ಎಂದುಕೊಳ್ಳುವವರಿದ್ದಾರೆ. ಅವರು ಅಲ್ಲಿ ಕೂತಿರುವುದೇ ಅದಕ್ಕೆ, ಮುಗುಳ್ನಕ್ಕು ಕರೆದರಾಯಿತು.

ಟೈಬ್ರೇಕ್ ಸರದಿಯಲ್ಲಿ ಹೊಸಬರು ತಪ್ಪುವುದು ಸಾಮಾನ್ಯ. ಮೊದಲು ಸರ್ವ್ ಮಾಡುವವರಿಗೆ ಒಂದೇ ಪಾಯಿಂಟ್, ಅದೂ ಬಲಬದಿಯಿಂದ. ಆಮೇಲೆ ಪ್ರತಿಯೊಬ್ಬರಿಗೂ ಎರಡೆರಡು, ಆ ಎರಡರಲ್ಲಿ ಮೊದಲನೆಯದು ಎಡಬದಿಯಿಂದ. ಪ್ರತಿ ಆರು ಪಾಯಿಂಟಿಗೆ ಬದಿ ಬದಲು.

ಡಬಲ್ಸ್‌ಗೆ ನಾಲ್ಕು ಮಾತು

ಹಿರಿಯರ ಟೂರ್ನಿಗಳಲ್ಲಿ ಡಬಲ್ಸ್‌ಗೇ ಹೆಚ್ಚು ಬೇಡಿಕೆ. ಇಬ್ಬರ ವಯಸ್ಸು ಕೂಡಿಸಿ 90 ಅಥವಾ 100 ದಾಟಿರಬೇಕು ಎನ್ನುವ ವಿಭಾಗಗಳೂ, ಚೀಟಿ ಎತ್ತಿ ಜೋಡಿ ಮಾಡುವ ಲಕ್ಕಿ ಡಬಲ್ಸೂ ಇರುತ್ತವೆ. ಜೋಡಿ ಹುಡುಕುವಾಗ ಆಟಕ್ಕಿಂತ ಸ್ವಭಾವ ನೋಡಿ. ನಿಮ್ಮ ತಪ್ಪಿಗೆಲ್ಲ ಆಕಾಶ ನೋಡಿ ಉಸಿರುಬಿಡುವ ಜೊತೆಗಾರನ ಫೋರ್‌ಹ್ಯಾಂಡ್ ಎಷ್ಟು ಚೆನ್ನಾಗಿದ್ದರೇನು?

ಸರ್ವನ್ನು ಆದಷ್ಟು ನಡುಗೆರೆಯ ಕಡೆಗೆ ಹಾಕಿ. ನಡುವಿನಿಂದ ವಾಪಸಾಗುವ ಚೆಂಡಿಗೆ ಓರೆ ಕೋನ ಸಿಗುವುದಿಲ್ಲ, ಬಲೆಯ ಬಳಿ ನಿಂತ ನಿಮ್ಮ ಜೊತೆಗಾರನಿಗೆ ಅದನ್ನು ತಡೆಯುವುದು ಸುಲಭ. ಇಬ್ಬರೂ ಬಲೆಯ ಹತ್ತಿರ ಅಥವಾ ಇಬ್ಬರೂ ಹಿಂದೆ ಇರುವುದು ಒಳ್ಳೆಯದು. ಒಬ್ಬರು ಮುಂದೆ, ಇನ್ನೊಬ್ಬರು ಹಿಂದೆ ಬಹಳ ಹೊತ್ತು ನಿಂತರೆ ನಡುವೆ ಓರೆಯಾಗಿ ದೊಡ್ಡ ಬಾಗಿಲು ತೆರೆದುಕೊಳ್ಳುತ್ತದೆ. ನಡುವೆ ಬಂದ ಚೆಂಡು ಯಾರದ್ದು ಎಂಬುದನ್ನು ಪಂದ್ಯಕ್ಕೆ ಮುಂಚೆಯೇ ಮಾತಾಡಿಕೊಳ್ಳಿ; ‘ನಿಮ್ಮದು’, ‘ನನ್ನದು’ ಎಂಬ ಎರಡು ಪದ ಸಾಕು. ಎಡಬದಿಯಲ್ಲಿ ಯಾರು ರಿಸೀವ್ ಮಾಡಬೇಕೆಂಬುದೂ ಮೊದಲೇ ತೀರ್ಮಾನವಾಗಲಿ, ಸೆಟ್ ನಡುವೆ ಅದನ್ನು ಬದಲಿಸುವಂತಿಲ್ಲ.

ಪದೇ ಪದೇ ಆಗುವ ತಪ್ಪುಗಳು

- ಟೂರ್ನಿಗೆಂದು ಹೊಸ ರಾಕೆಟ್, ಹೊಸ ಶೂ ಕೊಳ್ಳುವುದು. ಶೂ ಕಾಲಿಗೆ ಒಗ್ಗಲು ಒಂದೆರಡು ವಾರವಾದರೂ ಬೇಕು. ಓಟದ ಶೂ ಹಾಕಿ ಆಡುವುದಂತೂ ಬೇಡವೇ ಬೇಡ. ಅದು ಮುಂದಕ್ಕೆ ಓಡಲು ಮಾಡಿದ್ದು, ಪಕ್ಕಕ್ಕೆ ಜಿಗಿದಾಗ ಪಾದ ಮಗುಚುತ್ತದೆ.
- ಹಿಂದಿನ ದಿನ ಮೂರು ಗಂಟೆ ಅಭ್ಯಾಸ. ಪರೀಕ್ಷೆಯ ಹಿಂದಿನ ರಾತ್ರಿ ಓದುವ ಚಟ ಇಲ್ಲಿ ಕಾಲಿಗೆ ಬರುತ್ತದೆ.
- ಮೊದಲ ಗೇಮ್ ಸೋತ ಕೂಡಲೇ ತಂತ್ರ ಬದಲಿಸುವುದು. ಒಂದು ಸೆಟ್ ಪೂರ್ತಿ ಸೋತ ಮೇಲೂ ಬದಲಿಸದಿರುವುದು ಇದರ ಅಣ್ಣ.
- ಮುಂದಿದ್ದಾಗ ಆತುರ, ಹಿಂದಿದ್ದಾಗ ಇನ್ನೂ ಆತುರ. ಎರಡು ಪಾಯಿಂಟುಗಳ ನಡುವೆ 25 ಸೆಕೆಂಡ್, ಬದಿ ಬದಲಿಸುವಾಗ 90 ಸೆಕೆಂಡ್ ನಿಯಮವೇ ಕೊಟ್ಟಿದೆ. ಟವೆಲ್ ತೆಗೆದುಕೊಳ್ಳಿ, ಸ್ಟ್ರಿಂಗ್ ಸರಿಪಡಿಸಿಕೊಳ್ಳಿ.
- ಟ್ರಾಫಿಕ್ ಲೆಕ್ಕ ಹಾಕದೆ ಹೊರಡುವುದು. ಹೆಸರು ಕೂಗಿ 15 ನಿಮಿಷದೊಳಗೆ ಬಾರದಿದ್ದರೆ ವಾಕೋವರ್ ಕೊಡುವುದು ಅನೇಕ ಟೂರ್ನಿಗಳ ಕ್ರಮ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ. ನಿಮಗಾಗಿ ಕಾದ ಎದುರಾಳಿಯದ್ದೂ ಒಂದು ಭಾನುವಾರ.

ಎಚ್ಚರಿಕೆ

ನಲವತ್ತು ದಾಟಿದವರು, ಅದರಲ್ಲೂ ರಕ್ತದೊತ್ತಡ, ಮಧುಮೇಹ ಇರುವವರು ಸ್ಪರ್ಧೆಗೆ ಇಳಿಯುವ ಮುನ್ನ ವೈದ್ಯರನ್ನು ಕಾಣಿ. ಕ್ಲಬ್ಬಿನಲ್ಲಿ ದಣಿದಾಗ ಕೂರುತ್ತೀರಿ. ಪಂದ್ಯದಲ್ಲಿ ಹಟ ಕೂರಲು ಬಿಡುವುದಿಲ್ಲ. ಎದೆಯಲ್ಲಿ ಒತ್ತಡ, ಎಡಗೈಗೆ ನೋವು, ತಲೆ ತಿರುಗುವಿಕೆ, ಅಥವಾ ಬಿಸಿಲಲ್ಲೂ ಚಳಿ ಎನಿಸಿದರೆ ಸ್ಕೋರ್ ಏನೇ ಇರಲಿ ಅಲ್ಲೇ ನಿಲ್ಲಿಸಿ, ನೆರವಿಗೆ ಜನರನ್ನು ಕರೆಯಿರಿ. ಒಂದೇ ದಿನ ಎರಡು ಮೂರು ಪಂದ್ಯ ಇದ್ದರೆ ಬರೀ ನೀರು ಸಾಲದು. ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಉಪ್ಪು ಬೆರೆಸಿದ ನಿಂಬೆಹಣ್ಣಿನ ಪಾನಕ ಅಥವಾ ನೀರುಮಜ್ಜಿಗೆ, ಜೊತೆಗೆ ಬಾಳೆಹಣ್ಣು ಚೀಲದಲ್ಲಿರಲಿ. ಪಂದ್ಯಗಳ ನಡುವೆ ಸಂಘಟಕರು ಕೊಡುವ ಬಿಸಿಬೇಳೆಬಾತನ್ನು ಕೊನೆಯ ಪಂದ್ಯದ ನಂತರಕ್ಕೆ ಇಟ್ಟುಕೊಳ್ಳುವುದು ಕಷ್ಟ, ಆದರೂ ಇಟ್ಟುಕೊಳ್ಳಿ.

ಮೊಣಕೈಯ ಹೊರಭಾಗದಲ್ಲಿ ನೋವಿದ್ದರೆ ಗಟ್ಟಿ ಪಾಲಿಯೆಸ್ಟರ್ ಸ್ಟ್ರಿಂಗ್ ಬಿಟ್ಟು ಮೃದುವಾದದ್ದು ಹಾಕಿಸಿ, ಬಿಗಿಯನ್ನೂ ಇಳಿಸಿ. ನೋವು ನಿವಾರಕ ನುಂಗಿ ಆಡಿದರೆ ಆ ಪಂದ್ಯ ಮುಗಿಯಬಹುದು, ಮುಂದಿನ ಆರು ತಿಂಗಳೂ ಹೋಗಬಹುದು.

ಮುಂದಿನ ಹೆಜ್ಜೆ

ಪಂದ್ಯ ಮುಗಿದ ಸಂಜೆಯೇ ಮೂರು ಸಾಲು ಬರೆದಿಡಿ: ಎದುರಾಳಿ ಎಲ್ಲಿಗೆ ಹೊಡೆದು ಪಾಯಿಂಟ್ ಪಡೆದರು, ನಿಮ್ಮ ಯಾವ ಹೊಡೆತ ಒತ್ತಡದಲ್ಲೂ ಕೈಕೊಡಲಿಲ್ಲ, ಡಬಲ್ ಫಾಲ್ಟ್ ಎಷ್ಟು. ಗೆದ್ದವರ ಬಳಿ ಹೋಗಿ ಒಂದು ವಾರಾಂತ್ಯ ಜೊತೆಗೆ ಆಡಬಹುದೇ ಎಂದು ಕೇಳಿ. ಬಹಳ ಮಂದಿ ಖುಷಿಯಿಂದ ಒಪ್ಪುತ್ತಾರೆ, ನಿಮಗೂ ಆ ‘ಅಪರಿಚಿತ’ ಅಭ್ಯಾಸ ಪಂದ್ಯ ಸಿಕ್ಕಂತಾಯಿತು.

ಇನ್ನೂ ಮೇಲಕ್ಕೆ ಹೋಗುವ ಆಸೆ ಇದ್ದರೆ ಅಖಿಲ ಭಾರತ ಟೆನಿಸ್ ಸಂಸ್ಥೆಯ ಹಿರಿಯರ ಟೂರ್ನಿಗಳಿವೆ, ಅದರಾಚೆ ಐಟಿಎಫ್ ಮಾಸ್ಟರ್ಸ್ ಟೂರ್ ಇದೆ. ಮಾಸ್ಟರ್ಸ್‌ನಲ್ಲಿ 30ರಿಂದ ಶುರುವಾಗಿ ಐದೈದು ವರ್ಷಕ್ಕೊಂದು ವಿಭಾಗ; ಐಪಿನ್ ಎಂಬ ನೋಂದಣಿ ಸಂಖ್ಯೆ ಪಡೆದುಕೊಂಡರೆ ಹೆಸರು ಕೊಡಬಹುದು. ಅಲ್ಲಿ ವಯಸ್ಸನ್ನು ಲೆಕ್ಕ ಹಾಕುವುದು ಆ ವರ್ಷದ ಡಿಸೆಂಬರ್ 31ಕ್ಕೆ. ನಿಮಗೆ 45 ತುಂಬುವುದು ಅಕ್ಟೋಬರ್‌ನಲ್ಲಾದರೂ ಅದೇ ವರ್ಷದ ಜನವರಿಯಿಂದಲೇ 45+ ವಿಭಾಗಕ್ಕೆ ಅರ್ಹರು. 44ರಲ್ಲೇ ಐದು ವರ್ಷ ಚಿಕ್ಕವರ ಸರ್ವ್ ಎದುರಿಸುವುದು ತಪ್ಪುತ್ತದೆ. ಮೊಣಕಾಲು ಪಟ್ಟಿಯ ಹಿರಿಯರು ಮಾತ್ರ ಅಲ್ಲಿ ಇನ್ನೂ ಹೆಚ್ಚು.